ಮುರಿದ ಕೊಡಲಿಯೊಂದಿಗೆ ಸ್ವೀಡನ್ನಿಗೆ

ಸ್ಟಾಕ್‌ಹೋಮ್, ತನಿಖೆಯ ಮೇಜು

ಸ್ವೀಡನ್ ದೇಶದಲ್ಲಿ ನಾನು ಆಡಿದ ಮೊತ್ತಮೊದಲ ಮಾತು, "ಇದು ರಕ್ತ ಅಲ್ಲ."

ವಿಮಾನ ನಿಲ್ದಾಣದ ಮೇಜಿನ ಮೇಲೆ ನನ್ನ ಪೆಟ್ಟಿಗೆ ಬಾಯಿ ತೆರೆದು ಬಿದ್ದಿತ್ತು. ಎತ್ತರದ ಹೆಣ್ಣುಮಗಳೊಬ್ಬಳು ಕೈಗವಸು ಹಾಕಿಕೊಂಡು ನನ್ನ ಬಟ್ಟೆಯ ಗಂಟನ್ನು ಬಿಚ್ಚುತ್ತಿದ್ದಳು. ಊರಿನಲ್ಲಿ ನೀರಿನ ಹಾಗಿದ್ದ ತೆಂಗಿನೆಣ್ಣೆ ದಾರಿಯ ಚಳಿಗೆ ಹೆಪ್ಪುಗಟ್ಟಿ, ಬಟ್ಟೆ ಹಪ್ಪಳದಂತೆ ಗಟ್ಟಿಯಾಗಿತ್ತು. ಮಡಿಕೆ ಮಡಿಕೆಯಲ್ಲೂ ಕೆಂಪು ಕಲೆ. ಒಳಗೆ ಎರಡು ತುಂಡಾದ ಒಂದು ಕೊಡಲಿ. ಅವಳ ಜಾಗದಲ್ಲಿ ನಾನಿದ್ದರೂ ಪೊಲೀಸರನ್ನು ಕರೆಯುತ್ತಿದ್ದೆ.

ಕೆಂಪು ಬಣ್ಣ ಕುಂಕುಮದ್ದು, ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ನಮ್ಮಲ್ಲಿ ಕತ್ತಿ, ಕೊಡಲಿ, ಲಾರಿ, ಮಿಕ್ಸಿ ಎಲ್ಲಕ್ಕೂ ಪೂಜೆ ಉಂಟು ಎಂದು ನನ್ನ ಹೈಸ್ಕೂಲ್ ಇಂಗ್ಲಿಷಿನಲ್ಲಿ ವಿವರಿಸಿದೆ. ಸಾಲದ್ದಕ್ಕೆ ಕೈಮುಗಿದು, ಆರತಿ ಎತ್ತಿ ತೋರಿಸಿದೆ. ಹಿಂದಿನ ಸಾಲಿನವರು ಇಣುಕಿದರು. ಅಡಕತ್ತರಿಯಲ್ಲಿ ಸಿಕ್ಕಿದ ಅಡಕೆಯ ಹಾಗಿದ್ದರೂ ನನಗೆ ಒಳಗೊಳಗೇ ಭಾರೀ ಖುಷಿ. ಮೂಡಬಿದಿರೆ ಬಿಟ್ಟು ಒಂದೂವರೆ ದಿನವಾಗಿರಲಿಲ್ಲ, ಆಗಲೇ ಹೇಳಿಕೊಳ್ಳಲು ಒಂದು ಕಥೆ ಸಿಕ್ಕಿತ್ತಲ್ಲ!

ಅವಳು ಎಲ್ಲವನ್ನೂ ಶಾಂತವಾಗಿ ಕೇಳಿ ಒಂದೇ ಪ್ರಶ್ನೆ ಹಾಕಿದಳು. ಮುರಿದುಹೋದದ್ದಕ್ಕೆ ಏಕೆ ಪೂಜೆ? ನಾನು ಇನ್ನೊಂದು ಸಲ ಆರತಿ ಎತ್ತಿದೆ. ಒಂದು ಕ್ಷಣ ನನ್ನ ಮುಖ ನೋಡಿ ಗಂಟು ಕಟ್ಟಿಕೊಟ್ಟಳು, ಹೋಗಿ ಎಂದು ಕೈ ತೋರಿಸಿದಳು. ಕೈಗವಸು ತೆಗೆದು ಎರಡು ಸಲ ಮೂಸಿ ನೋಡಿಕೊಂಡದ್ದನ್ನೂ ನಾನು ಕಂಡೆ.

ಅದಕ್ಕೂ ಮೊದಲು, ಪುಂಜಾಲಕಟ್ಟೆ

ಆ ಕೊಡಲಿ ನನ್ನ ಪೆಟ್ಟಿಗೆಗೆ ಬಂದ ಬಗೆ ಹೇಳಬೇಕು. ನಾನು ಮೂಡಬಿದಿರೆಯವಳು, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವಳು. ಈಗ ಕತ್ತಿಗಳಿಗೆ ಹಿಡಿ ಹಾಕುತ್ತೇನೆ. ಹುಣಸೆಯ ಬೇರು, ಬೈನೆ ಎಂಬ ಕಾಡುತಾಳೆಯ ಕರಿಗೆರೆಯ ಮರ, ಕೆಡವಿದ ಮನೆಗಳ ಬಾಗಿಲಿನ ಹಲಸಿನ ದಾರಂದ, ಇವನ್ನೆಲ್ಲ ಕೊರೆದು, ಉಜ್ಜಿ, ಹಿಡಿಯುವವರ ಅಂಗೈಯ ಅಳತೆಗೆ ತರುವುದು ನನ್ನ ಕೆಲಸ. ದೊಡ್ಡ ಹೊಟೇಲುಗಳ ಅಡುಗೆಯವರು ತಮ್ಮ ಪರದೇಶದ ಕತ್ತಿಗಳನ್ನೂ ಹಿಡಿ ಬದಲಿಸಲು ಕಳಿಸುತ್ತಾರೆ. ಉಳಿದ ಹೆಂಗಸರು ರಿಟೈರಾದ ಮೇಲೆ ಜಪಮಣಿ ಹಿಡಿದರೆ ನನ್ನ ಹೆಂಡತಿ ಕತ್ತಿ ಹಿಡಿದಳು ಎಂದು ನನ್ನ ಯಜಮಾನರು ಬಂದವರಿಗೆಲ್ಲ ಹೇಳುವುದುಂಟು.

ನನ್ನ ಕತ್ತಿಗಳ ಅಲಗು ಪುಂಜಾಲಕಟ್ಟೆಯ ಆಚಾರಿಯವರದು. ಎಪ್ಪತ್ತು ದಾಟಿದ ಮನುಷ್ಯ, ತೆಂಗಿನ ಗೆರಟೆಯ ಇದ್ದಿಲಿನ ಕುಲುಮೆ, ಕೈಯಲ್ಲಿ ತಿರುಗಿಸುವ ಬ್ಲೋವರ್. ಅಲ್ಲಿಗೆ ಬರುವವರೆಲ್ಲರ ಜೊತೆ ತುಳುವಿನಲ್ಲಿ ಮಾತಾಡುವ ಅವರು ನನ್ನೊಡನೆ ಮಾತ್ರ ಕನ್ನಡ. ಶಾಲೆಯ ಟೀಚರಲ್ಲವೇ, ಅದಕ್ಕೆ. ನಮ್ಮ ಕಡೆ ಆಚಾರಿ ಕಬ್ಬಿಣ ಮಾರುವುದಿಲ್ಲ. ಬೇಕಾದವರು ಹಳೆಯ ಲಾರಿಯ ಸ್ಪ್ರಿಂಗ್ ಪ್ಲೇಟನ್ನೋ ಇನ್ನೊಂದನ್ನೋ ತಾವೇ ಹೊತ್ತು ತಂದು ಕೊಡುತ್ತಾರೆ, ಆಚಾರಿ ಬಡಿದು ಹದ ಹಾಕಿ ಕೊಡುತ್ತಾರೆ. ಅವರ ಕತ್ತಿಗೆ ಬೆಳ್ತಂಗಡಿಯಿಂದ ಬಂಟ್ವಾಳದವರೆಗೆ ಹೆಸರು. ಆದರೆ ಕೊಡಲಿ ಮಾಡಿ ಎಂದರೆ ಮಾತ್ರ ಆಗುವುದಿಲ್ಲ ಎಂದು ತಲೆಯಾಡಿಸಿಬಿಡುತ್ತಾರೆ. ಏಕೆಂದು ನಾನೂ ಕೇಳಿರಲಿಲ್ಲ.

ನಮ್ಮ ಸಾವಿರ ಕಂಬದ ಬಸದಿ ನೋಡಲು ಬಂದಿದ್ದ ಇಂಗ್ರಿಡ್ ಎಂಬ ಸ್ವೀಡನ್ನಿನ ಹೆಂಗಸು ನನ್ನದೊಂದು ಕತ್ತಿ ಕೊಂಡುಹೋಗಿದ್ದಳು. ಅವಳ ಗಂಡ ಲಾರ್ಸ್ ಕೊಡಲಿ ಮಾಡುವವನು. ಹತ್ತು ದಿನ ಬಂದು ನಮ್ಮೊಂದಿಗೆ ಕೆಲಸ ಮಾಡು, ನಿನ್ನ ಹಿಡಿ ನಮಗೆ ಕಲಿಸು, ನಮ್ಮ ಕೊಡಲಿಗೆ ಕಾವು ಹಾಕುವುದನ್ನು ನೀನು ಕಲಿ ಎಂದು ಪತ್ರ ಬಂತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮರುದಿನವೇ ಬಸ್ಸು ಹತ್ತಿ ಪುಂಜಾಲಕಟ್ಟೆಗೆ ಹೋಗಿ ಆಚಾರಿಗೆ ಹೇಳಿದೆ.

ಅವರು ಸುತ್ತಿಗೆ ಕೆಳಗಿಟ್ಟರು. ಒಳಗೆ ಹೋಗಿ ದೇವರ ಫೋಟೋದ ಕೆಳಗಿನ ಮಣೆಯಿಂದ ಎಣ್ಣೆ ಜಿಗುಟಿನ ಒಂದು ಗಂಟು ತಂದರು. ಒಂಬತ್ತು ವರ್ಷದ ಹಿಂದೆ ಮುಂಡಾಜೆಯ ಮೋನಪ್ಪನಿಗೆ ಮಾಡಿಕೊಟ್ಟ ಕೊಡಲಿಯಂತೆ. ಚಾರ್ಮಾಡಿ ಘಾಟಿಯಲ್ಲಿ ಕೆಟ್ಟು ಬಿದ್ದ ಲಾರಿಯ ಪ್ಲೇಟು ಹೊತ್ತು ತಂದು, ತನಗೆ ಊರಲ್ಲಿ ಯಾರಲ್ಲೂ ಇಲ್ಲದ ಕೊಡಲಿ ಬೇಕು ಎಂದಿದ್ದನಂತೆ. ಮರ ಕಡಿಯುವಾಗ ಮೂರನೆಯ ದಿನವೇ ಕೊಡಲಿ ಎರಡು ತುಂಡಾಯಿತು. ಹಾರಿದ ತುಂಡು ಮೋನಪ್ಪನ ಮೊಣಕಾಲಿಗೆ ಬಡಿಯಿತು. ಆವತ್ತಿನಿಂದ ಅವನ ನಡಿಗೆ ಕುಂಟು. ಮರದ ಕೆಲಸ ಬಿಟ್ಟು ಈಗ ರಸ್ತೆ ಬದಿಯಲ್ಲಿ ಎಳನೀರು ಮಾರುತ್ತಾನೆ. ಎಳನೀರಿನ ಕತ್ತಿ ಮಸೆಯಲು ಇವತ್ತಿಗೂ ಬರುವುದು ಇದೇ ಆಚಾರಿಯಲ್ಲಿಗೆ.

"ಒಂದು ದಿನ ಒಂದು ಮಾತು ಹೇಳಿದವ ಅಲ್ಲ ಅವ," ಎಂದರು ಆಚಾರಿ. "ಬೈದಿದ್ರೆ ಆಗ್ತಿತ್ತು. ಅವ ಬರುವಾಗ ನಾನು ತಲೆ ಎತ್ತಿ ನೋಡುವುದಿಲ್ಲ. ಕಾಲಿನ ಶಬ್ದದಲ್ಲೇ ಗೊತ್ತಾಗ್ತದೆ."

ಹದ ತಪ್ಪಿತ್ತೇ, ಕಬ್ಬಿಣವನ್ನು ಹೆಚ್ಚು ಕಾಯಿಸಿದೆನೇ, ನೀರಿಗೆ ಹಾಕಿದ್ದು ಬೇಗವಾಯಿತೇ ಎಂದು ಒಂಬತ್ತು ವರ್ಷ ಅವರು ತಮ್ಮನ್ನೇ ಕೇಳಿಕೊಂಡಿದ್ದಾರೆ. ತುಂಡುಗಳನ್ನು ಅದೇ ದಿನ ಸುತ್ತಿಟ್ಟವರು ಮತ್ತೆ ಬಿಚ್ಚಿ ನೋಡಿಲ್ಲ. ತುಕ್ಕು ಹಿಡಿಯದ ಹಾಗೆ ಬಟ್ಟೆಗೆ ಎಣ್ಣೆ ಎರೆಯುತ್ತಾರೆ, ಪೂಜೆಯ ದಿನ ಗಂಟಿಗೇ ಕುಂಕುಮ ಇಡುತ್ತಾರೆ.

"ನೋಡ್ಲಿಕ್ಕೆ ಧೈರ್ಯ ಇಲ್ಲ, ಗೊತ್ತಾಗದೆ ಇರ್ಲಿಕ್ಕೂ ಆಗುವುದಿಲ್ಲ. ಕೊಡಲಿ ಬಿಟ್ಟು ಬೇರೆ ಮಾಡದ ಜನ ಅಂತ ಹೇಳಿದ್ರಲ್ಲ, ಅವರ ಹತ್ರ ಕೇಳಿ ಬನ್ನಿ ಟೀಚರೇ. ನನ್ನ ತಪ್ಪು ಅಂತಾದ್ರೆ ಹಾಗೆಯೇ ಹೇಳಿ. ಸಿಹಿ ಹಚ್ಚಿ ಹೇಳ್ಬೇಡಿ."

ಗಂಟನ್ನು ಅವರು ನನ್ನ ಕೈಗೆ ಕೊಡಲಿಲ್ಲ. ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟರು, ನಾನು ಎತ್ತಿಕೊಂಡೆ.

ಉತ್ತರದ ಹಳ್ಳಿ

ಸ್ಟಾಕ್‌ಹೋಮಿನಿಂದ ರೈಲು, ಆಮೇಲೆ ಬಸ್ಸು. ಬಸ್ಸಿಗೆ ಕಾಯುವ ಜಾಗದಲ್ಲಿ ನಾಲ್ಕು ಜನ ಇದ್ದರು, ಒಬ್ಬರಿಂದ ಒಬ್ಬರಿಗೆ ಒಂದು ಎಮ್ಮೆ ಅಡ್ಡ ನಿಲ್ಲುವಷ್ಟು ದೂರ. ನಾನು ಒಬ್ಬ ಅಜ್ಜಿಯ ಹತ್ತಿರ ಹೋಗಿ ನಿಂತೆ. ಅಜ್ಜಿ ಎರಡು ಹೆಜ್ಜೆ ಸರಿದರು. ಪಾಪ, ನನಗೆ ಜಾಗ ಬಿಟ್ಟರೆಂದು ನಾನೂ ಎರಡು ಹೆಜ್ಜೆ ಸರಿದೆ. ಬಸ್ಸು ಬರುವಷ್ಟರಲ್ಲಿ ನಾವಿಬ್ಬರೂ ತಂಗುದಾಣ ಬಿಟ್ಟು ಬಿಸಿಲಿಗೆ ಬಂದಿದ್ದೆವು. ಬೆಳ್ತಂಗಡಿ ಬಸ್ಸಿನ ಮೆಟ್ಟಿಲಲ್ಲಿ ಒಂದು ಕಾಲಿಗೆ ಜಾಗ ಸಿಕ್ಕಿದರೆ ಧನ್ಯರಾಗುವ ನಮಗೆ ಇದೆಲ್ಲ ಹೇಗೆ ಗೊತ್ತಾಗಬೇಕು!

ಲಾರ್ಸ್‌ನ ಕುಲುಮೆ ಹೊಳೆಯ ದಂಡೆಯಲ್ಲಿದೆ. ಒಳಗೆ ಕಾಲಿಟ್ಟವಳೇ ನಾನು ಬಾಯಿಬಿಟ್ಟುಕೊಂಡು ನಿಂತೆ. ಗೋಡೆಯುದ್ದಕ್ಕೂ ಕೊಡಲಿಗಳು. ಮರ ಉರುಳಿಸುವುದು, ಸೌದೆ ಸೀಳುವುದು, ತೊಲೆ ಕೆತ್ತಲು ಒಂದು ಕಡೆ ಮಾತ್ರ ಬಾಯಿ ಇರುವುದು, ಚಮಚ ಕೊರೆಯಲು ಅಂಗೈಯಗಲದ್ದು. ನಮ್ಮಲ್ಲಿ ಎಲ್ಲ ಕೆಲಸಕ್ಕೂ ಒಂದೇ ಕೊಡಲಿ, ಆದರೆ ಹಲಸಿಗೊಂದು, ಮೀನಿಗೊಂದು, ಹುಲ್ಲಿಗೊಂದು ಎಂದು ಕತ್ತಿ ಹತ್ತು. ಇವರಿಗೆ ತದ್ವಿರುದ್ಧ. ಪ್ರತಿ ಕೊಡಲಿಯ ಕೆನ್ನೆಯ ಮೇಲೂ ಮಾಡಿದವನ ಹೆಸರಿನ ಎರಡಕ್ಷರದ ಅಚ್ಚು. ಅದು ಹೆಮ್ಮೆಗೆ ಹಾಕಿದ್ದು ಎಂದುಕೊಂಡಿದ್ದೆ. ಅಲ್ಲವಂತೆ. ಮುರಿದರೆ ಯಾರನ್ನು ಹುಡುಕಿಕೊಂಡು ಬರಬೇಕೆಂದು ತಿಳಿಯಲಿ ಎಂದು ಹಾಕುವುದು.

ಲಾರ್ಸ್‌ನದು ದೊಡ್ಡ ಮೈ, ಸಣ್ಣ ಮಾತು. ನಾನು ಏನು ಹೇಳಿದರೂ ಬಾಯಿಯಿಂದ ಸರ್ರನೆ ಉಸಿರು ಒಳಗೆಳೆದುಕೊಳ್ಳುತ್ತಿದ್ದ. ಮೆಣಸು ಕಚ್ಚಿದವರ ಹಾಗೆ. ಏನೋ ಆಘಾತವಾಯಿತೆಂದು ಗಾಬರಿಯಾಗಿ ನಾನು ನೀರು ತಂದುಕೊಟ್ಟೆ. ಇಂಗ್ರಿಡ್ ಬಿದ್ದು ಬಿದ್ದು ನಕ್ಕಳು. ಆ ಸೀಮೆಯವರು ಹೌದು ಎನ್ನುವುದೇ ಹಾಗಂತೆ. ಆಮೇಲೆ ನಾನೂ ಅಭ್ಯಾಸ ಮಾಡಿದೆ. ಊರಿಗೆ ಬಂದು ಯಜಮಾನರೆದುರು ಹಾಗೆ ಮಾಡಿದಾಗ ಅವರು ನನಗೆ ನೀರು ತಂದುಕೊಟ್ಟರು.

ಎಡವಟ್ಟು ನನ್ನದೊಂದೇ ಅಲ್ಲ. ಲಾರ್ಸ್ ಚಂದದ ಒಂದು ಕತ್ತಿಯನ್ನು ನೋಡು ಎಂದು ಚಾಚಿದ. ನಾನು ಕೈ ಹಿಂದೆ ಕಟ್ಟಿಕೊಂಡು ಮೇಜು ತೋರಿಸಿದೆ. ಅವನು ಇನ್ನೂ ಮುಂದಕ್ಕೆ ಚಾಚಿದ, ನಾನು ಇನ್ನೂ ಹಿಂದೆ ಸರಿದೆ. ಕತ್ತಿಯನ್ನು ಕೈಯಿಂದ ಕೈಗೆ ಕೊಟ್ಟರೆ ಇಬ್ಬರಿಗೂ ಜಗಳ ಬರುತ್ತದೆ, ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು ಎಂದು ವಿವರಿಸಿದ ಮೇಲೆ ಅವನು ಸರ್ರನೆ ಉಸಿರೆಳೆದು ಕತ್ತಿಯನ್ನು ಮೇಜಿನ ಮೇಲಿಟ್ಟ. ಮರುದಿನದಿಂದ ಸುತ್ತಿಗೆ, ಅರ, ಕೊನೆಗೆ ಕಾಫಿ ಲೋಟವನ್ನೂ ಮೇಜಿನ ಮೇಲಿಟ್ಟೇ ಕೊಟ್ಟ. ನನ್ನೊಡನೆ ಯಾವ ಜಗಳವೂ ಬರಬಾರದೆಂದು ನಿಶ್ಚಯಿಸಿದ್ದನೋ ಏನೋ.

ಮೂರನೇ ದಿನ, ಕಾವು

ಕೊಡಲಿಯ ಕಾವು ಮಾಡುವುದನ್ನು ಕಲಿಸಿದ್ದು ಇಂಗ್ರಿಡ್. ನಾನು ಗರಗಸ ಎತ್ತಿಕೊಂಡೆ, ಅವಳು ಅದನ್ನು ಕಸಿದುಕೊಂಡಳು. ಕಾವಿಗೆ ಮರವನ್ನು ಕೊಯ್ಯಬಾರದು, ಸೀಳಬೇಕು. ಸೀಳಿದರೆ ಮರ ತನ್ನ ಎಳೆಯ ದಾರಿಯಲ್ಲೇ ಬಿಡುತ್ತದೆ, ಅಂಥ ಕಾವು ಪೆಟ್ಟಿಗೆ ಬಾಗುತ್ತದೆಯೇ ಹೊರತು ಮುರಿಯುವುದಿಲ್ಲ. ಇಷ್ಟು ವರ್ಷ ಹಿಡಿ ಮಾಡಿದವಳಿಗೆ ಈ ಸರಳ ಸಂಗತಿ ಹೊಳೆದಿರಲಿಲ್ಲ! ಆವತ್ತು ಸಂಜೆಯೊಳಗೆ ನಾಲ್ಕು ಬರ್ಚ್ ದಿಮ್ಮಿ ಸೀಳಿದೆ. ಮೂರು ಹಾಳಾದವು. ನಾಲ್ಕನೆಯದು ಒಂದೇ ಪೆಟ್ಟಿಗೆ ಬಾಳೆದಿಂಡಿನಂತೆ ನೇರವಾಗಿ ಬಿಟ್ಟುಕೊಂಡಾಗ ನಾನು ಕುಣಿದೇಬಿಟ್ಟೆ.

ಕೊಡಲಿ ಕಾವು ಕುಲಕ್ಕೆ ಸಾವು ಎಂಬ ನಮ್ಮ ಗಾದೆಯನ್ನು ಅವಳಿಗೆ ಹೇಳಿದೆ. ಮರದ ಕಾವೇ ಸೇರಿಕೊಂಡು ಮರಗಳನ್ನು ಕಡಿಸುತ್ತದಲ್ಲ! ಅವಳು ನಗಲಿಲ್ಲ. ಕೈಯಲ್ಲಿದ್ದ ಕಾವನ್ನು ತಿರುಗಿಸಿ ನೋಡಿ, ಪಾಪ, ಅದಕ್ಕೇನು ಗೊತ್ತು ಎಂದಳು.

ಹತ್ತು ಗಂಟೆಗೂ ಮೂರು ಗಂಟೆಗೂ ಅಲ್ಲಿ ಕಾಫಿ. ಕಬ್ಬಿಣ ಕೆಂಪಗಿದ್ದರೂ ಸರಿ, ಬೆಂಕಿಯಿಂದ ಹೊರಗೆಳೆದಿಟ್ಟು ಎಲ್ಲರೂ ಕುಳಿತು ದಾಲ್ಚಿನ್ನಿಯ ಬನ್ನು ತಿನ್ನುತ್ತಾರೆ. ಕಾದಾಗ ಬಡಿಯಬೇಕು ಎಂಬ ನಮ್ಮ ಮಾತು ಅಲ್ಲಿ ಬನ್ನಿನ ಮುಂದೆ ನಡೆಯುವುದಿಲ್ಲ. ನಾನು ಒಯ್ದಿದ್ದ ಐದು ಕತ್ತಿಗಳಲ್ಲಿ ಒಂದರಿಂದ ಇಂಗ್ರಿಡ್ ಬನ್ನು ಕೊಯ್ದಳು, ಆಮೇಲೆ ಬೇರೆ ಕತ್ತಿ ಮುಟ್ಟಲಿಲ್ಲ. ಬೈನೆಯ ಹಿಡಿಯನ್ನು ಅಕ್ಕಪಕ್ಕದವರೆಲ್ಲ ಸವರಿ ನೋಡಿದರು. ಅಲಗಿನ ಹದ ಯಾರದು ಎಂದು ಲಾರ್ಸ್ ಕೇಳಿದಾಗ ಗಂಟಿನ ನೆನಪಾಗಿ ನಾನು ಇನ್ನೊಂದು ಬನ್ನು ಎತ್ತಿಕೊಂಡೆ. ಮೂರು ದಿನದಿಂದ ಅದು ಪೆಟ್ಟಿಗೆಯಲ್ಲೇ ಇತ್ತು. ಕುಣಿದಾಡುತ್ತಿದ್ದ ನಾನು ಅದನ್ನು ಹೊರಗೆ ತೆಗೆಯಲು ಹೆದರಿದ್ದೆ, ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ.

ಐದನೇ ದಿನ, ಕಿಟಕಿಯ ಬಳಿ

ಕೊನೆಗೆ ಐದನೇ ದಿನ ಗಂಟನ್ನು ಮೇಜಿನ ಮೇಲಿಟ್ಟು ಮೋನಪ್ಪನ ಕಾಲಿನ ಕಥೆ ಹೇಳಿದೆ. ಆಚಾರಿಯ ಮಾತನ್ನೂ ಹೇಳಿದೆ, ಸಿಹಿ ಹಚ್ಚಬೇಡ ಎಂದು.

ಲಾರ್ಸ್ ತುಂಡುಗಳನ್ನು ಒರೆಸಿ ಕಿಟಕಿಯ ಬೆಳಕಿಗೆ ಒಯ್ದ. ಭೂತಗನ್ನಡಿ ಹಿಡಿದು ಮುರಿದ ಮೈಯನ್ನು ನೋಡುತ್ತ ನಿಂತ. ಪರೀಕ್ಷೆಯ ರಿಸಲ್ಟಿನ ದಿನ ಮಕ್ಕಳು ನೋಟಿಸ್ ಬೋರ್ಡಿನ ಎದುರು ನಿಲ್ಲುತ್ತಿದ್ದದ್ದನ್ನು ಎಷ್ಟು ವರ್ಷ ಕಂಡಿದ್ದೇನೆ, ಆವತ್ತು ನಾನೇ ಹಾಗೆ ನಿಂತೆ. ಅವನು ಒಂದು ಮೂಲೆಯನ್ನು ಮೇಜಿಗೆ ಬಿಗಿದಿದ್ದ ಇಕ್ಕಳಕ್ಕೆ ಸಿಕ್ಕಿಸಿ ಸುತ್ತಿಗೆಯಿಂದ ಹೊಡೆದು ಚೂರು ಮುರಿದು, ಹೊಸ ಮೈಯನ್ನೂ ಹಳೆಯ ಮೈಯನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಆಮೇಲೆ ನನ್ನನ್ನು ಕರೆದು ಭೂತಗನ್ನಡಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ.

ಹೆಚ್ಚು ಕಾಯಿಸಿದ ಉಕ್ಕು ಮುರಿದರೆ ಒಳಗೆ ಸಕ್ಕರೆಯ ಹಾಗೆ ಹರಳು ಹರಳಾಗಿ ಹೊಳೆಯುತ್ತದಂತೆ. ಇಲ್ಲಿ ಹಾಗಿರಲಿಲ್ಲ. ಚಿರೋಟಿ ರವೆಯಷ್ಟು ನುಣುಪು, ಬೂದಿ ಬಣ್ಣ. ಆದರೆ ಒಂದು ಅಂಚಿನಲ್ಲಿ ಉಗುರಿನಷ್ಟಗಲ ಇದ್ದಿಲಿನಂತೆ ಕಪ್ಪು. ಅದು ಬಿರುಕು ಎಂದ ಲಾರ್ಸ್. ಬೆಂಕಿಗೆ ಹೋಗುವ ಮೊದಲೇ ಅಲ್ಲಿತ್ತು, ಬೆಂಕಿಯಲ್ಲಿ ಒಳಗಿನಿಂದ ಕಪ್ಪಾಯಿತು. ಲಾರಿಯಡಿಯಲ್ಲಿ ವರ್ಷಗಟ್ಟಲೆ ಬಗ್ಗಿ ಬಗ್ಗಿ ಬಿಟ್ಟ ಬಿರುಕು, ಹೊರಗಿನಿಂದ ಯಾರ ಕಣ್ಣಿಗೂ ಬೀಳುವಂಥದ್ದಲ್ಲ.

"ಇವನ ಹದ ಸರಿಯಾಗಿದೆ. ನನ್ನದಾಗಿದ್ದರೆ ನಾನು ಅಚ್ಚು ಒತ್ತುತ್ತಿದ್ದೆ," ಎಂದ.

ನಾನು ಕಿರುಚಿದೆ. ಇಂಗ್ರಿಡ್‌ಳನ್ನು ತಬ್ಬಿಕೊಂಡೆ, ಲಾರ್ಸ್‌ನನ್ನೂ ತಬ್ಬಿಕೊಳ್ಳಲು ಹೋದೆ, ಅವನು ಇಕ್ಕಳದ ಮೇಜಿನ ಹಿಂದೆ ಸರಿದ. ಉಕ್ಕನ್ನು ಆಯ್ದು ತಂದದ್ದು ಯಾರು ಎಂದು ಅವನು ಕೇಳಿದ. ನಮ್ಮಲ್ಲಿ ಗಿರಾಕಿಯೇ ತರುವುದು ಎಂದೆ. ಅವನು ನಂಬಲಾರದೆ ಮತ್ತೆ ಕೇಳಿದ. ನನಗೆ ಸಿಟ್ಟು ಬಂತು. ಏನು ತಪ್ಪು ಅದರಲ್ಲಿ, ಘಾಟಿ ಹತ್ತಿದ ಲಾರಿಯ ಕಬ್ಬಿಣ ಮನೆಯ ಕೊಡಲಿಯಾಗಿ ಇನ್ನೊಂದು ಜನ್ಮ ಬಾಳುವುದು ಚಂದವೇ ಅಲ್ಲವೇ ಎಂದು ದೊಡ್ಡ ಭಾಷಣ ಬಿಗಿದೆ. ಅವನು ಸರ್ರನೆ ಉಸಿರೆಳೆದುಕೊಂಡ. ಅವನ ಆ ಪ್ರಶ್ನೆಯ ಒಳಗೆ ಏನಿತ್ತೆಂದು ನಾನು ಒಂದು ಕ್ಷಣವೂ ಯೋಚಿಸಲಿಲ್ಲ.

ಉಳಿದ ಐದು ದಿನ ಹೇಗೆ ಕಳೆದೆನೋ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ನನ್ನ ತಾಯಿ ಹೇಳುತ್ತಿದ್ದರು. ಆದರೂ ಇದನ್ನು ಫೋನಿನಲ್ಲಿ ಹೇಳಬಾರದು, ಎದುರು ಕೂತು ಹೇಳಬೇಕು, ಆ ಮನುಷ್ಯನ ಮುಖ ನೋಡಬೇಕು ಎಂದು ಹಲ್ಲು ಕಚ್ಚಿ ಹಿಡಿದೆ. ನಾನು ಕಾವು ಹಾಕಿದ ಒಂದು ಕೊಡಲಿ ಅಲ್ಲಿನ ಗೋಡೆಯ ಮೇಲೆ ಈಗಲೂ ಇದೆ. ಅದರ ಖುಷಿಯೂ ಇದರ ಮುಂದೆ ಸಪ್ಪೆಯಾಗಿತ್ತು.

ಮತ್ತೆ ಪುಂಜಾಲಕಟ್ಟೆ

ಬಜಪೆಯಲ್ಲಿ ವಿಮಾನ ಇಳಿದು ಮನೆಗೆ ಬಂದು ಸ್ನಾನ ಮಾಡಿದ್ದಷ್ಟೇ. ಗಂಟು ಹಿಡಿದುಕೊಂಡು ಬಸ್ಸು ಹತ್ತಿದೆ. ಕುಲುಮೆಯಲ್ಲಿ ಆಚಾರಿ ಒಬ್ಬರೇ ಇದ್ದರು. ಗಂಟನ್ನು ಅಡಿಗಲ್ಲಿನ ಮೇಲಿಟ್ಟು, ನಿಂತಲ್ಲೇ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ರವೆಯ ಹಾಗಿನ ಮೈ, ಕಪ್ಪು ಕಲೆ, ಲಾರ್ಸ್ ಅಚ್ಚು ಒತ್ತುತ್ತಿದ್ದೆ ಅಂದದ್ದು. ನನ್ನ ಕಣ್ಣಲ್ಲಿ ನೀರು ಬಂದಿತ್ತು.

ಆಚಾರಿ ಕೈ ಒರೆಸಿಕೊಂಡರು. ಆಮೇಲೆ ತಾವೇ ಬಟ್ಟೆ ಬಿಚ್ಚಿದರು, ಒಂಬತ್ತು ವರ್ಷದಲ್ಲಿ ಮೊದಲ ಸಲ. ತುಂಡನ್ನು ಬಾಗಿಲಿನ ಬೆಳಕಿಗೆ ಹಿಡಿದು, ಕಪ್ಪಿನ ಮೇಲೆ ಹೆಬ್ಬೆರಳು ಆಡಿಸಿದರು.

"ಪ್ಲೇಟಿನಲ್ಲೇ ಇದ್ದದ್ದಾ?"

"ಪ್ಲೇಟಿನಲ್ಲೇ. ನೀವು ಮುಟ್ಟುವ ಮೊದಲೇ. ನಿಮ್ಮ ತಪ್ಪು ಒಂದು ಎಳ್ಳಿನಷ್ಟೂ ಇಲ್ಲ ಆಚಾರ್ರೇ."

"ಪ್ಲೇಟು ತಂದದ್ದು ಯಾರು ಟೀಚರೇ?"

ಲಾರ್ಸ್ ಕೇಳಿದ್ದೂ ಇದನ್ನೇ. ಐದು ದಿನ ಕುಣಿದಾಡಿದವಳಿಗೆ ಅದು ಹೊಳೆದಿರಲಿಲ್ಲ.

"ಕಾಲು ಹೋದದ್ದು ಅವನದ್ದು," ಎಂದರು ಆಚಾರಿ. "ಇನ್ನು ತಪ್ಪು ಕೂಡ ಅವನದ್ದೇ ಅಂತ ನಾನು ಹೇಳ್ಬೇಕಾ?"

ಸುಮ್ಮನಿರುವ ಜಾತಿಯವಳಲ್ಲ ನಾನು. ನಿಜ ನಿಜವೇ ಅಲ್ಲವೇ, ಒಂಬತ್ತು ವರ್ಷ ನೀವು ಹೊತ್ತದ್ದಕ್ಕೆ ಲೆಕ್ಕವಿಲ್ಲವೇ ಎಂದು ವಾದಿಸಿದೆ. ನನಗೆ ನಿಜಕ್ಕೂ ಕೋಪ ಬಂದಿತ್ತು.

"ನನಗೆ ಗೊತ್ತಾಯ್ತಲ್ಲ. ಅಷ್ಟು ಸಾಕು. ನನಗೆ ಹೊತ್ತು ಅಭ್ಯಾಸ ಉಂಟು, ಅವನಿಗೆ ಇಲ್ಲ. ಬ್ಲೋವರ್ ಸ್ವಲ್ಪ ತಿರುಗಿಸ್ತೀರಾ?"

ತಿರುಗಿಸಿದೆ. ಅವರು ಎರಡೂ ತುಂಡುಗಳನ್ನು ಗೆರಟೆ ಇದ್ದಿಲಿನ ನಡುವೆ ಹೂತರು. ಅವರ ತಪ್ಪಿಲ್ಲ ಎಂಬುದಕ್ಕೆ ಈ ಲೋಕದಲ್ಲಿದ್ದ ಒಂದೇ ಸಾಕ್ಷಿ ಕೆಂಪಗಾಗುವುದನ್ನು ನಾನು ನೋಡುತ್ತಿದ್ದೆ. ತಡೆಯಬೇಕೆನಿಸಿತು, ಆದರೆ ಕೈ ತಿರುಗಿಸುತ್ತಲೇ ಇತ್ತು. ಅವರು ಹೊರಗೆಳೆದು ಬಡಿದರು. ನಾಲ್ಕನೇ ಪೆಟ್ಟಿಗೆ ಕಪ್ಪು ಎಲ್ಲಿತ್ತೆಂದು ಹೇಳುವ ಹಾಗಿರಲಿಲ್ಲ. ಒಂದು ತುಂಡಿನಿಂದ ಸಣ್ಣ ಬೆಣೆ ಮಾಡಿದರು, ಕಾವು ಕಳಚದ ಹಾಗೆ ಕೊಡಲಿಯ ಕಣ್ಣಿಗೆ ಹೊಡೆಯುತ್ತಾರಲ್ಲ, ಅಂಥದ್ದು. ಅದನ್ನು ನನ್ನ ಎದುರಿಗೆ ಅಡಿಗಲ್ಲಿನ ಮೇಲಿಟ್ಟು, ಅಲ್ಲಿ ಕಲಿತ ಹಾಗೆ ಒಂದು ಕಾವು ಮಾಡಿ ತನ್ನಿ, ಕೊಡಲಿ ಮಾಡುವ ಎಂದರು.

ಮುಂದಿನ ವಾರ ಕಾವು ಹಿಡಿದುಕೊಂಡು ಹೋದಾಗ ಕೊಡಲಿ ತಯಾರಿತ್ತು. ಬೇರೊಂದು ಪ್ಲೇಟಿನ ಮೈಯನ್ನೆಲ್ಲ ಅರದಿಂದ ಉಜ್ಜಿ, ಇಂಚು ಇಂಚು ನೋಡಿ ಮಾಡಿದ್ದು. ನಾವು ಬೆಣೆ ಹೊಡೆಯುತ್ತಿದ್ದೆವು. ಹೊರಗೆ ಜಲ್ಲಿಯ ಮೇಲೆ ಒಂದು ಹೆಜ್ಜೆ ಗಟ್ಟಿಯಾಗಿ, ಇನ್ನೊಂದು ಎಳೆದುಕೊಂಡು ಬರುವ ಶಬ್ದ ಕೇಳಿಸಿತು. ಮೋನಪ್ಪ ಎಳನೀರಿನ ಕತ್ತಿಯನ್ನು ಅಡಿಗಲ್ಲಿನ ಮೇಲಿಟ್ಟ.

ಆಚಾರಿ ತಲೆ ಎತ್ತಿದರು. ಅವನ ಮುಖವನ್ನೇ ನೋಡುತ್ತ, ಕಾಲು ಹೇಗುಂಟು ಎಂದು ಕೇಳಿದರು. ಮೋನಪ್ಪ ತನ್ನ ಕಾಲಿನ ಕಡೆಗೊಮ್ಮೆ ನೋಡಿಕೊಂಡ. ಆಮೇಲೆ ಮಳೆಗಾಲದಲ್ಲಿ ನೋವು ಜಾಸ್ತಿ ಎಂದು ಹೇಳಿ, ಬೆಂಚಿನ ಮೇಲೆ ಕುಳಿತು, ಒಂಬತ್ತು ವರ್ಷದ ನೋವನ್ನೆಲ್ಲ ಒಂದೊಂದಾಗಿ ಹೇಳತೊಡಗಿದ. ಆಚಾರಿ ಸುತ್ತಿಗೆ ಕೆಳಗಿಟ್ಟು ಕೇಳಿದರು.

ಈ ಪ್ರವಾಸವನ್ನು ಬರೆಯುತ್ತೇನೆ ಎಂದಾಗ ಆಚಾರಿ ಒಂದೇ ಷರತ್ತು ಹಾಕಿದರು, ಅವನ ಗುರುತು ಯಾರಿಗೂ ಸಿಗಬಾರದು ಎಂದು. ಅದರಂತೆ ನಡೆದುಕೊಂಡಿದ್ದೇನೆ. ಮೋನಪ್ಪ ಎಂಬುದು ಅವನ ಹೆಸರಲ್ಲ, ಊರು ಮುಂಡಾಜೆಯಲ್ಲ, ಮಾರುವುದು ಎಳನೀರೂ ಅಲ್ಲ. ಆ ದಾರಿಯಲ್ಲಿ ಹೋಗುವಾಗ ಬಾಯಾರಿ ಎಳನೀರಿಗೆ ನಿಂತರೆ, ದಯವಿಟ್ಟು ಕೊಡುವವರ ಕಾಲು ನೋಡಬೇಡಿ.